ಎರಡು ಬೆಳ್ಳಿ ನಾಣ್ಯ: ಛತ್ರದ ಬಿಲ್ಲು ಯಾರು ಕಟ್ಟಬೇಕು?

ಭಾನುವಾರದ ಆರಾಧನೆಯ ಸಂದೇಶ, ಅನಗವಾಡಿ
ವಾಕ್ಯಭಾಗ: ಲೂಕ 10:30-35, ಅರಣ್ಯಕಾಂಡ 12:1-15

ಎಲ್ಲಾರೂ ಹಲ್ಲೆಲೂಯ ಅನ್ರಿ. ಹಿಂದ ಕುಂತವರದು ಕೇಳಿಸಲಿಲ್ಲ, ಇನ್ನೊಮ್ಮೆ ಅನ್ರಿ.

ಪ್ರಿಯರೇ, ನಮ್ಮ ಯೌವನಸ್ಥರ ಮೊಬೈಲಿನಾಗ ಇಂಗ್ಲೆಂಡಿನ ಒಂದು ವಿಡಿಯೋ ಓಡಾಡ್ತೈತಿ. ಎಪ್ಪಿಂಗ್ ಅನ್ನೋ ಊರು. 2025ರ ಜುಲೈಯಲ್ಲಿ ಅಲ್ಲಿಯ ಬೆಲ್ ಹೋಟೆಲಿನ ಮುಂದೆ ಜನ ಸೇರಿ ಘೋಷಣೆ ಕೂಗಿದರು. ಬೇರೆ ದೇಶಗಳಿಂದ ಆಶ್ರಯ ಕೇಳಿಕೊಂಡು ಬಂದವರನ್ನು ಸರ್ಕಾರ ತನ್ನ ಖರ್ಚಿನಲ್ಲಿ ಆ ಹೋಟೆಲಿನಲ್ಲಿ ಇಟ್ಟಿತ್ತು. ಅಲ್ಲಿದ್ದ ಒಬ್ಬನು 14 ವರ್ಷದ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ. ಕೋರ್ಟು ಅವನಿಗೆ ಜೈಲು ಶಿಕ್ಷೆ ಕೊಟ್ಟಿತು. ಆ ಊರಿನ ತಾಯಿತಂದೆಯರ ಸಿಟ್ಟು ಸುಳ್ಳಲ್ಲ. ಆದರೆ ಆ ಒಬ್ಬನ ಪಾಪವನ್ನು ಉಳಿದವರ ತಲೆಗೂ ಕಟ್ಟಿ, ಎಲ್ಲರನ್ನೂ ಹೊರಗೆ ಹಾಕಿರಿ ಎಂಬ ಕೂಗು ಎದ್ದಿತು. ಆಗಸ್ಟಿನಲ್ಲಿ ಹೈಕೋರ್ಟ್ ಅವರನ್ನು ಅಲ್ಲಿಂದ ಖಾಲಿ ಮಾಡಿಸಲು ಹೇಳಿತು. ಅದೇ ತಿಂಗಳು ಮೇಲಿನ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು.

ನಮ್ಮ ಸಭೆಯ ಒಬ್ಬ ತಮ್ಮ ನನಗೂ ಆ ವಿಡಿಯೋ ಕಳಿಸಿ ಕೇಳಿದ: "ಪಾಸ್ಟರ್, ಪುಕ್ಕಟೆ ಹೋಟೆಲು, ಪುಕ್ಕಟೆ ಊಟ. ದುಡ್ಡು ಯಾರಪ್ಪಂದ್ರಿ?" ಪ್ರಶ್ನೆ ಚಲೋ ಐತಿ. ಇವತ್ತು ಅದಕ್ಕ ವಾಕ್ಯದಿಂದ ಉತ್ತರ ಹುಡುಕೋಣ. ಅದಕ್ಕ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಇದೇ ಜಗಳ ನಮ್ಮ ಜಿಲ್ಲೆಯಲ್ಲೇ ಆಗಿ ಹೋಗೇತಿ.

2020 ನೆನಪು ಮಾಡ್ಕೋರಿ. ಮಾರ್ಚ್ 25ಕ್ಕೆ ದೇಶವೆಲ್ಲಾ ಲಾಕ್‌ಡೌನ್. ಏಪ್ರಿಲ್ 3ಕ್ಕೆ ಬಾಗಲಕೋಟೆಯಲ್ಲಿ ಒಬ್ಬ ಹಿರಿಯರು ಕೊರೊನಾದಿಂದ ತೀರಿಕೊಂಡರು. ಇಡೀ ಜಿಲ್ಲೆ ನಡುಗಿತು. ಮೇ ತಿಂಗಳಲ್ಲಿ ಮಹಾರಾಷ್ಟ್ರಕ್ಕೆ, ಗೋವಾಕ್ಕೆ ದುಡಿಯಾಕ ಹೋಗಿದ್ದ ನಮ್ಮವರು ಸೇವಾ ಸಿಂಧುವಿನಲ್ಲಿ ಪಾಸು ತೆಗೆದುಕೊಂಡು ತಿರುಗಿ ಬಂದರು. ಸರ್ಕಾರ ಅವರನ್ನು ಹಾಸ್ಟೆಲು, ಸಾಲಿ, ವಸತಿಗೃಹಗಳಲ್ಲಿ ಕ್ವಾರಂಟೈನ್ ಮಾಡಿತು. ದುಡ್ಡಿದ್ದವರು ಸರ್ಕಾರ ಗೊತ್ತುಮಾಡಿದ ದರ ಕೊಟ್ಟು ಹೋಟೆಲಿನಲ್ಲಿ ಇದ್ದರು. ಇಲ್ಲದವರಿಗೆ ಸರ್ಕಾರದ್ದೇ ಖರ್ಚು. ಮೊದಲು 14 ದಿನ ಇತ್ತು. ಮೇ ಕೊನೆಗೆ ಹೆಚ್ಚು ಸೋಂಕಿನ ರಾಜ್ಯಗಳಿಂದ ಬಂದವರಿಗೆ 7 ದಿನ ಅಲ್ಲಿ, 7 ದಿನ ಮನೆಯಲ್ಲಿ ಅಂತ ಆಯಿತು.

ಆಗ ಊರೂರಾಗ ಏನು ಮಾತು ಬಂತು? "ನಮ್ಮ ಸಾಲ್ಯಾಗ ಇಡಬ್ಯಾಡ್ರಿ. ನಮ್ಮೂರ ಹಾಸ್ಟೆಲು ಯಾಕ ಬೇಕು? ಅವರಿಗೆ ಪುಕ್ಕಟೆ ಕೂಳು ಯಾಕ?" ಹಂಗ ಅಂದದ್ದು ಯಾರಿಗೆ? ಪರದೇಶದವರಿಗಲ್ಲ. ನಮ್ಮ ಭಾಷೆ ಮಾತಾಡೋರಿಗೆ, ನಮ್ಮ ಕಾಕಾನ ಮಗನಿಗೆ, ನಮ್ಮ ಬೀಗರಿಗೆ. ಅಂದ ಮೇಲೆ ತಿಳ್ಕೋರಿ, ಪರದೇಶಿ ಆಗಾಕ ಸಮುದ್ರ ದಾಟಬೇಕಾಗಿಲ್ಲ. ಅಂಜಿಕೆ ಬಂತಂದ್ರ ಅಗಸಿ ಬಾಗಿಲಿನಾಗೇ ಮನುಷ್ಯ ಪರದೇಶಿ ಆಗ್ತಾನ.

ಇದರಿಂದ ಮೂರು ಸಂಗತಿಗಳನ್ನು ಧ್ಯಾನಿಸೋಣ.

ಮೊದಲನೆಯದು: ಪ್ರತ್ಯೇಕ ಇಡುವುದು ಪಾಪವಲ್ಲ, ಮರೆತುಬಿಡುವುದು ಪಾಪ.

ಅರಣ್ಯಕಾಂಡ 12 ತೆಗೀರಿ. ಮೋಶೆ ಕೂಷ್ ದೇಶದ ಹೆಣ್ಣನ್ನು ಮದುವೆಯಾಗಿದ್ದ. ಅವಳ ನಿಮಿತ್ತವಾಗಿ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಮೋಶೆಗೆ ವಿರೋಧವಾಗಿ ಮಾತಾಡಿದರು. ಪರದೇಶದ ಸೊಸಿ ಬಂದಾಳ ಅಂತ ಮನಿಯೊಳಗ ಗುಸುಗುಸು. ದೇವರು ಕೇಳಿಸಿಕೊಂಡನು. ಮಿರ್ಯಾಮಳ ಮೈಗೆ ಚರ್ಮರೋಗ ಹತ್ತಿತು. ಪರದೇಶಿಯನ್ನು ಆಡಿಕೊಂಡವಳೇ ಪಾಳೆಯದ ಹೊರಗೆ ಹೋಗಬೇಕಾಯಿತು. ಎಷ್ಟು ದಿನ? ಏಳು ದಿನ. ಯಾಜಕಕಾಂಡ 13ರಲ್ಲಿಯೂ ರೋಗದ ಸಂಶಯ ಇದ್ದವರನ್ನು ಏಳು ದಿನ ಬೇರೆ ಇಡುವ ನಿಯಮವಿದೆ. ಹೀಗಾಗಿ ಕ್ವಾರಂಟೈನೇ ತಪ್ಪು ಎಂದು ನಾನು ಹೇಳುವುದಿಲ್ಲ. ಸರ್ಕಾರ ಜನರ ಜೀವ ಕಾಯಬೇಕು, ಯಾರು ಬಂದರು ಎಂದು ಪರೀಕ್ಷೆ ಮಾಡಬೇಕು. ಅದು ಅದರ ಕೆಲಸ.

ಆದರೆ 15ನೇ ವಚನ ಬಿಟ್ಟು ಹೋಗಬ್ಯಾಡ್ರಿ. ಮಿರ್ಯಾಮಳು ತಿರುಗಿ ಒಳಗೆ ಬರುವ ತನಕ ಜನರು ಮುಂದಕ್ಕೆ ಪ್ರಯಾಣ ಮಾಡಲಿಲ್ಲ. ಲಕ್ಷಾಂತರ ಮಂದಿ, ದನಕರು, ಗುಡಾರ ಎಲ್ಲಾ ನಿಂತಲ್ಲೇ ನಿಂತಿತು, ಒಬ್ಬ ಹೆಣ್ಣುಮಗಳ ಸಲುವಾಗಿ. ಹೊರಗಿಟ್ಟವರಿಗೆ ಒಂದು ದಿನದ ಲೆಕ್ಕ ಇತ್ತು, ಅವಳಿಗೆ ತಿರುಗಿ ಬರುವ ದಾರಿ ಇತ್ತು. 2020ರಾಗ ಏಳು ದಿನ ಮುಗಿಸಿ, ಸೋಂಕಿಲ್ಲ ಅಂತ ವರದಿ ಹಿಡಕೊಂಡು ಬಂದವರಿಗೂ ಬಾವಿಕಟ್ಟಿಯಲ್ಲಿ ಜಾಗ ಬಿಡದವರು ಇದ್ದರು. ಸರ್ಕಾರ ಬಾಗಿಲು ತೆಗೆದರೂ ನಾವು ಕದ ಹಾಕಿಕೊಂಡೆವು ಅಂದ್ರ ಆ ಪಾಪ ಸರ್ಕಾರದ್ದಲ್ಲ.

ಎರಡನೆಯದು: ಬಿಲ್ಲು ಯಾರು ಕಟ್ಟಬೇಕು?

ಲೂಕ 10ಕ್ಕೆ ಬರ್ರಿ. ಯೆರಿಕೋ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನ ಕಥೆ ನಿಮಗೆಲ್ಲಾ ಗೊತ್ತು. ಯಾಜಕ ಹೋದ, ಲೇವಿಯ ಹೋದ, ಸಮಾರ್ಯದವನು ನಿಂತ. ನಾವು ಸಂಡೇ ಸ್ಕೂಲಿನಿಂದ ಎಣ್ಣೆ, ದ್ರಾಕ್ಷಾರಸ, ಕತ್ತೆ ನೆನಪಿಟ್ಟೇವಿ. ಛತ್ರದ ಬಿಲ್ಲು ಮರೆತೇವಿ. ಮರುದಿನ ಅವನು ಛತ್ರದವನ ಕೈಯಲ್ಲಿ ಎರಡು ಬೆಳ್ಳಿ ನಾಣ್ಯ ಇಟ್ಟ. ಮತ್ತಾಯ 20ರ ಪ್ರಕಾರ ಒಂದು ನಾಣ್ಯ ಅಂದ್ರ ಕೂಲಿಯವನ ಒಂದು ದಿನದ ಪಗಾರ. ಅಂದ್ರ ಎರಡು ದಿನದ ದುಡಿಮೆ. ಮೇಲೆ ಹೆಚ್ಚಿಗೆ ಖರ್ಚಾದರೆ ತಿರುಗಿ ಬಂದಾಗ ತೀರಿಸುತ್ತೇನೆ ಎಂದೂ ಹೇಳಿದ. ಗಾಯಗೊಂಡವನ ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ, ಎಷ್ಟು ದಿನ ಇರ್ತೀ ಅಂತ ಕೇಳಲಿಲ್ಲ.

ಈಗ ನೀವು ಅನ್ನಬಹುದು: "ಪಾಸ್ಟರ್, ಸಮಾರ್ಯದವ ತನ್ನ ಕಿಸೆಯಿಂದ ಕೊಟ್ಟ. ಸರ್ಕಾರ ಕೊಡೋದು ನಮ್ಮ ತೆರಿಗೆ." ಖರೆ ಐತಿ. ಹಂಗಾದ್ರ ಧರ್ಮೋಪದೇಶಕಾಂಡ 14:28-29 ನೋಡ್ರಿ. ಮೂರು ವರ್ಷಕ್ಕೊಮ್ಮೆ ಬೆಳೆಯ ದಶಮಾಂಶವನ್ನು ಪ್ರತಿ ಊರಿನಲ್ಲಿ ಕೂಡಿಡಬೇಕು ಎಂದು ದೇವರು ನೇಮಿಸಿದನು. ಲೇವಿಯರು, ಪರದೇಶಿ, ಅನಾಥ, ವಿಧವೆ ಬಂದು ಹೊಟ್ಟೆ ತುಂಬ ಉಣ್ಣಬೇಕು. ಇದು ಒಬ್ಬೊಬ್ಬರ ಮನಸ್ಸಿಗೆ ಬಿಟ್ಟ ಕಾಣಿಕೆಯಲ್ಲ, ಊರಿನ ಕಣಜ. ದೇವರು ಸಮಾರ್ಯದವನ ಕಿಸೆಯನ್ನೂ ಕೇಳುತ್ತಾನೆ, ಊರಿನ ಕಣಜವನ್ನೂ ಕೇಳುತ್ತಾನೆ.

ಇನ್ನೊಂದು ಮಾತು: "ನಮ್ಮವರಿಗೇ ಮನಿ ಇಲ್ಲ, ಹೊರಗಿನವರಿಗ್ಯಾಕ?" ಈ ಮಾತಿನ ಹಿಂದೆ ನೋವು ಐತಿ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಆ ವಚನದಲ್ಲಿ ವಿಧವೆ, ಅನಾಥ, ಪರದೇಶಿ ಒಂದೇ ಪಂಕ್ತಿಯಲ್ಲಿ ಕುಂತಾರ. ಒಬ್ಬರ ಎಲಿ ಎಳೆದು ಇನ್ನೊಬ್ಬರಿಗೆ ಹಾಕಿರಿ ಅಂತ ದೇವರು ಹೇಳಲಿಲ್ಲ. ನಿಮ್ಮ ಮನಿ ಅರ್ಜಿ ಪಂಚಾಯತಿಯಲ್ಲಿ ಬಾಕಿ ಇದ್ದರೆ ಬರ್ರಿ, ನಾನೂ ನಿಮ್ಮ ಜೋಡಿ ಬಂದು ಕೇಳ್ತೇನಿ. ಆ ಸಿಟ್ಟನ್ನು ಗುಡಿಸಲಿನಲ್ಲಿ ಇರೋರ ಮ್ಯಾಲೆ ಹಾಕಬ್ಯಾಡ್ರಿ. ಮತ್ತೆ ತೆರಿಗೆ ನಾವಷ್ಟೇ ಕಟ್ಟುವುದಿಲ್ಲ. ಕೂಲಿಯವನು ಬಟ್ಟೆ ಒಗೆಯೋ ಸೋಪು, ಕೂಸಿಗೆ ಬಿಸ್ಕಿಟು ತಗೊಂಡಾಗ ಅವನೂ ತೆರಿಗೆ ಕೊಡ್ತಾನ.

ಮೂರನೆಯದು: ನಾವು ಯಾರೆಂದು ಮರೆಯಬಾರದು.

ಧರ್ಮೋಪದೇಶಕಾಂಡ 10:19ರಲ್ಲಿ ದೇವರು ಇಸ್ರಾಯೇಲರಿಗೆ ಪರದೇಶಿಯನ್ನು ಪ್ರೀತಿಸಲು ಹೇಳಿ ಅದಕ್ಕೆ ಕಾರಣವನ್ನೂ ಕೊಡುತ್ತಾನೆ: ನೀವೂ ಐಗುಪ್ತದಲ್ಲಿ ಹಾಗೆಯೇ ಇದ್ದಿರಿ ಎಂದು. ನಮಗೆ ಐಗುಪ್ತ ಎಲ್ಲೈತಿ? ಘಟಪ್ರಭಾದ ಸೇತುವೆ ಮ್ಯಾಲೆ ನಿಂತು ನೋಡ್ರಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಇಟ್ಟರು. ನೀರು 519.60 ಮೀಟರಿಗೆ ನಿಂತಾಗ ಬೀಳಗಿ ತಾಲ್ಲೂಕಿನ ಎಷ್ಟು ಊರು, ಬಾಗಲಕೋಟೆಯ ಎಷ್ಟು ಓಣಿ ಹಿನ್ನೀರಿಗೆ ಹೋದವು! ಇನ್ನೂ 524.256 ಮೀಟರಿಗೆ ಏರಿಸುವ ಮಾತು ನಡೆದೇ ಐತಿ. ಈ ಸಭೆಯಲ್ಲಿ ಮುಳುಗಡೆ ಮಂದಿ ಎಷ್ಟು ಮಂದಿ ಅದೀರಿ, ಕೈ ಎತ್ತರಿ. ನೋಡ್ರಿ ಎಷ್ಟು ಕೈ! 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಗಂಜಿ ಕೇಂದ್ರದಲ್ಲಿ ತಟ್ಟೆ ಹಿಡಿದು ನಿಂತವರೂ ಇಲ್ಲಿದ್ದೀರಿ. ಆವತ್ತು ಸಾಲಿಯ ಖೋಲಿಯಲ್ಲಿ ಮಲಗಿದಾಗ ಅದು ಸರ್ಕಾರದ ಖರ್ಚೇ. ಯಾರೂ ನಿಮ್ಮನ್ನು ಪುಕ್ಕಟೆ ಕೂಳಿನವರು ಅನ್ನಬಾರದಿತ್ತು.

ಗೋವಾಕ್ಕೆ ಹೋದವರನ್ನು ಕೇಳ್ರಿ. ವಾಸ್ಕೋದ ಬೈನಾದಲ್ಲಿ 2004ರಲ್ಲಿ, ಮತ್ತೆ 2017ರಲ್ಲಿ ಕನ್ನಡದವರ ಮನೆಗಳ ಮೇಲೆ ಬುಲ್ಡೋಜರ್ ಹೋಯಿತು. ಅಲ್ಲಿ ನಮ್ಮವರನ್ನು ಘಾಟಿ ಅಂತಾರ. ರಸ್ತೆ ಹಾಕಾಕ ಬೇಕು, ಮೀನು ಹೊರಾಕ ಬೇಕು, ಇರಾಕ ಬ್ಯಾಡ. ಆ ಮಾತು ಎಲ್ಲಿ ಚುಚ್ಚತೈತಿ ಅಂತ ನಮಗ ಗೊತ್ತು.

ಈಗ ನಮ್ಮ ಬಾಗಿಲಿಗೆ ಬರೋಣ. ಕಬ್ಬಿನ ಹಂಗಾಮು ಶುರುವಾಗೇತಿ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಗ್ಯಾಂಗುಗಳು ಬಂದಾವ. ಹೊಲದ ಬದುವಿಗೆ ತಾಡಪಾಲು ಕಟ್ಟಿಕೊಂಡು ಅದಾರ. ಅದರಾಗ ಒಬ್ಬ ಬಾಣಂತಿ ಹತ್ತು ದಿನದ ಕೂಸು ಕಟ್ಟಿಕೊಂಡು ಥಂಡ್ಯಾಗ ಮಲಗತಾಳ. ನಮ್ಮ ಪ್ರಾರ್ಥನಾ ಮಂದಿರದ ಹಿಂದಿನ ಖೋಲಿ ವಾರದಾಗ ಆರು ದಿನ ಕೀಲಿ ಹಾಕಿರತೈತಿ. ಹಿರಿಯರ ಕೂಟದಲ್ಲಿ ಈ ಮಾತು ಬಂದಾಗ ಒಬ್ಬರು ಕರೆಂಟ್ ಬಿಲ್ಲು ಅಂದರು, ಒಬ್ಬರು ಕಳವು ಅಂದರು. ಇನ್ನೊಬ್ಬರು, "ಅವರನ್ನ ಒಳಗ ಕರ್ಕೊಂಡ್ರ ಮತಾಂತರ ಅಂತಾರ" ಅಂದರು. ಮೂರೂ ಅಂಜಿಕೆ ಸುಳ್ಳಲ್ಲ.

ಅದಕ್ಕ ನನ್ನ ಬಿನ್ನಹ ಇಷ್ಟು. ಕರೆಂಟ್ ಬಿಲ್ಲಿಗೆ ಇವತ್ತಿನ ಕಾಣಿಕೆಯಲ್ಲಿ ಬೇರೆ ಡಬ್ಬಿ ಇಟ್ಟೇನಿ. ಬೆಲೆಬಾಳುವ ಮೈಕು, ಕೀಬೋರ್ಡು ನನ್ನ ಮನಿಗೆ ಒಯ್ಯೋಣ. ಗ್ರಾಮ ಪಂಚಾಯತಿಗೆ, ಗ್ಯಾಂಗಿನ ಮುಕಾದಮ್‌ಗೆ, ಹೊಲದ ಮಾಲಕರಿಗೆ ಮೊದಲೇ ತಿಳಿಸೋಣ, ಮುಚ್ಚುಮರೆ ಬ್ಯಾಡ. ಆ ತಾಯಿಗೆ ಯಾರೂ ಪತ್ರಿಕೆ ಕೊಡಬ್ಯಾಡ್ರಿ, ಪ್ರಾರ್ಥನೆಗೆ ಬಾ ಅನ್ನಬ್ಯಾಡ್ರಿ. ಅವಳ ದೇವರು ಯಾರಂತ ಕೇಳಬ್ಯಾಡ್ರಿ. ಸಮಾರ್ಯದವನು ಬಿಲ್ಲು ಕಟ್ಟಿ ಹೋದ. ನಮ್ಮ ಗುಡ್ಡಕ್ಕೆ ಬಂದು ಆರಾಧನೆ ಮಾಡು ಅಂತ ಕರಾರು ಹಾಕಲಿಲ್ಲ. ಖೋಲಿ ಕೊಟ್ಟು ಆತ್ಮವನ್ನು ಬೆಲೆಗೆ ಕೇಳಿದರೆ ಅದು ಪ್ರೀತಿಯಲ್ಲ, ವ್ಯಾಪಾರ.

ಆ ವಿಡಿಯೋ ಕಳಿಸಿದ ತಮ್ಮನಿಗೂ ಒಂದು ಮಾತು. ಇಂಗ್ಲೆಂಡಿನ ಹೋಟೆಲಿನ ಬಗ್ಗೆ ಅಲ್ಲಿಯ ಜನ, ಅಲ್ಲಿಯ ಕೋರ್ಟು ತೀರ್ಮಾನ ಮಾಡಲಿ. ನಿನ್ನ ಮುಂದಿರೋದು ಹಿಂದಿನ ಖೋಲಿಯ ಕೀಲಿ. ಅದರ ಬಗ್ಗೆ ದೇವರು ನಿನ್ನನ್ನು, ನನ್ನನ್ನು ಕೇಳ್ತಾನ. ಮತ್ತಾಯ 25ರಲ್ಲಿ ಕರ್ತನು ತಾನೇ ಪರದೇಶಿಯಾಗಿ ಬಂದ ಲೆಕ್ಕ ಕೇಳುತ್ತಾನೆ. ಆತ ಹುಟ್ಟಿದ ರಾತ್ರಿಯೂ ಛತ್ರದಲ್ಲಿ ಜಾಗ ಇರಲಿಲ್ಲ. ಆವತ್ತಿನ ಬಾಣಂತಿ ಮರಿಯಳು.

ಆರಾಧನೆ ಮುಗಿದ ಮೇಲೆ ಸಭೆಯವರು ಕುಂತೇ ಇರ್ರಿ, ಖೋಲಿಯ ಮಾತು ಎಲ್ಲಾರೂ ಕೂಡಿ ಮಾಡೋಣ. ಬ್ಯಾಡ ಅನ್ನೋರು ಧೈರ್ಯದಿಂದ ಬ್ಯಾಡ ಅನ್ರಿ, ಕಾರಣ ಹೇಳ್ರಿ, ನಾನು ಕೇಳ್ತೇನಿ. ಆದ್ರ ಮೊದಲು ಎದ್ದು ನಿಂತು ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನೀರು ನಮ್ಮ ಊರನ್ನು ನುಂಗಿದಾಗ ನೀನು ನಮಗೆ ನೆಲ ಕೊಟ್ಟೆ. ನಿನಗೆ ಸ್ತೋತ್ರ. ನಮ್ಮ ಅಂಜಿಕೆಯನ್ನು ನಿನ್ನ ಪಾದಕ್ಕೆ ತಂದಿದ್ದೇವೆ. ದೂರ ದೇಶಗಳಲ್ಲಿ ಹೋಟೆಲಿನ ಖೋಲಿಯಲ್ಲಿ ನಾಳೆಯ ಗೊತ್ತಿಲ್ಲದೆ ಕುಳಿತವರನ್ನು ಕಾಯಿ. ಆ ಊರುಗಳ ಮಕ್ಕಳನ್ನೂ ಕಾಯಿ. ಗೋವಾದಲ್ಲಿ, ಮಹಾರಾಷ್ಟ್ರದಲ್ಲಿ ದುಡಿಯುವ ನಮ್ಮವರಿಗೆ ಅಲ್ಲಿ ಒಬ್ಬ ಸಮಾರ್ಯದವನನ್ನು ಕೊಡು. ಹೊಲದ ಬದುವಿನಲ್ಲಿರುವ ಆ ತಾಯಿಗೂ ಕೂಸಿಗೂ ಈ ರಾತ್ರಿ ಬೆಚ್ಚಗಿನ ಜಾಗ ಕೊಡು. ಪವಿತ್ರಾತ್ಮನೇ, ನಮ್ಮ ಕೈಯಲ್ಲಿರುವ ಕೀಲಿಯನ್ನು ನೀನೇ ತಿರುವು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.