ಐದನೆಯ ಕಾರಣ

ಆಯುಧಪೂಜೆಯ ದಿನ ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟೆಗೆ ಸಾಗುವ ಹೆದ್ದಾರಿಯ ಉದ್ದಕ್ಕೂ ಹೂಮಾಲೆಯನ್ನೂ ಕುಂಕುಮದ ಬೊಟ್ಟನ್ನೂ ಧರಿಸಿ ನಿಂತ ವಾಹನಗಳು ಕಾಣುವುವು. ಬೂದುಗುಂಬಳವನ್ನು ಒಡೆದು, ನಾಲ್ಕು ಚಕ್ರಗಳ ಕೆಳಗೆ ನಿಂಬೆಹಣ್ಣುಗಳನ್ನಿಟ್ಟು, ಅವನ್ನು ಹಿಸುಕುತ್ತ ಕಾರು ಮುಂದೆ ಸರಿದಾಗ, ಇನ್ನೊಂದು ವರ್ಷದ ಕ್ಷೇಮವು ಕೈಸೇರಿತೆಂಬ ಸಮಾಧಾನ ಮನೆಯವರ ಮುಖದಲ್ಲಿ ಮೂಡುವುದು. ಆ ಸಮಾಧಾನವನ್ನು ಹಾಸ್ಯಮಾಡುವುದು ಸುಲಭವಾದರೂ ಉಚಿತವಲ್ಲ. ತನ್ನ ಪ್ರಾಣವನ್ನು ಹೊರುವ ಸಾಧನಕ್ಕೆ ಕೈಮುಗಿಯುವವನು ಅವಿವೇಕಿಯಲ್ಲ. ಆದರೆ ಹಣ್ಣನ್ನಿಟ್ಟ ಕೈ ಅದೇ ಚಕ್ರದ ನಟ್ಟುಗಳ ಬಿಗಿಯನ್ನೂ ಪರೀಕ್ಷಿಸಿತೆ, ಪರೀಕ್ಷಿಸದಿದ್ದರೆ ಆ ಪೂಜೆಯು ಪೂರ್ಣವಾಯಿತೆ ಎಂಬ ಪ್ರಶ್ನೆಯೊಂದು ಉಳಿಯುತ್ತದೆ. ದೈವಕ್ಕೂ ಪುರುಷಪ್ರಯತ್ನಕ್ಕೂ ಇರುವ ಸಂಬಂಧವೇನೆಂಬ ಪುರಾತನ ಜಿಜ್ಞಾಸೆಯೇ ಈ ಪ್ರಶ್ನೆಯಲ್ಲಿ ಅಡಗಿದೆ.

ಭಗವದ್ಗೀತೆಯ 18ನೆಯ ಅಧ್ಯಾಯವು ಯಾವುದೇ ಕರ್ಮದ ಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಎಣಿಸುತ್ತದೆ. ಭಾಷ್ಯಕಾರರಾದ ಶಂಕರರು ಅಧಿಷ್ಠಾನವನ್ನು ಶರೀರವೆಂದೂ ಕರಣಗಳನ್ನು ಇಂದ್ರಿಯಗಳೆಂದೂ ವಿವರಿಸಿದ್ದಾರೆ. ಆ ಶಾಸ್ತ್ರಾರ್ಥಕ್ಕೆ ಭಂಗ ತಾರದೆ, ಈ ಐದನ್ನು ಚಕ್ರವೊಂದನ್ನು ಕೂರಿಸುವ ಕೆಲಸಕ್ಕೆ ಅನ್ವಯಿಸಿ ನೋಡಿದರೆ, ದೈವವನ್ನು ಅಲ್ಲಿ ಮೊದಲಿಗೆ ಇಡದೆ ಕೊನೆಗೆ ಇಟ್ಟುದರ ಔಚಿತ್ಯವು ಸ್ಪಷ್ಟವಾದೀತು.

ಚಕ್ರಕ್ಕೆ ಅಧಿಷ್ಠಾನವೆಂದರೆ ಅದು ಆತುಕೊಳ್ಳುವ ಹಬ್ಬಿನ ಮುಖ. ಕಾರಿನ ಭಾರವೆಲ್ಲ ಬೋಲ್ಟುಗಳ ಮೇಲೆ ಜೋತುಬಿದ್ದಿದೆಯೆಂದು ನಾವು ಭಾವಿಸುವುದುಂಟು, ವಾಸ್ತವವು ಹಾಗಿಲ್ಲ. ನಟ್ಟನ್ನು ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗಿ, ಮರಳಿ ಕುಗ್ಗಲು ಹವಣಿಸುತ್ತ, ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಹುಟ್ಟಿದ ಘರ್ಷಣೆಯೇ ಭಾರವನ್ನು ಧರಿಸುವುದು. ಎರಡು ಮುಖಗಳ ನಡುವೆ ತುಕ್ಕಿನ ಹಕ್ಕಳೆಯೋ ಮಣ್ಣೋ ಸೇರಿದ್ದರೆ, ನಾಲ್ಕಾರು ಮೈಲಿ ಓಡುವಷ್ಟರಲ್ಲಿ ಅದು ಪುಡಿಯಾಗಿ ಒತ್ತಡವು ಕಳೆದುಹೋಗುವುದು. ಕಡಲ ಉಪ್ಪುಗಾಳಿಯೂ ವರ್ಷಕ್ಕೆ 3000 ಮಿಲಿಮೀಟರನ್ನು ಮೀರುವ ಮಳೆಯೂ ಕಬ್ಬಿಣವನ್ನು ತಿನ್ನುವ ಈ ಕರಾವಳಿಯಲ್ಲಿ, ತಂತಿಬ್ರಷ್ಷಿನಿಂದ ಆ ಮುಖವನ್ನು ಶುಚಿಮಾಡುವುದು ಕೆಲಸದ ಮೊದಲ ಸಂಸ್ಕಾರ. ಆದರೆ ತುಕ್ಕಿಗೆ ಹೆದರಿ ಬೋಲ್ಟಿನ ಮರೆಗೆ, ಎಂದರೆ ತಿರುಪಿನ ಎಳೆಗಳಿಗೆ, ಎಣ್ಣೆ ಸವರಬಾರದು. ಒಣಮರೆಯ ಮೇಲೆ ನಾವು ಹಾಕುವ ತಿರುಚುಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಯನ್ನು ಗೆಲ್ಲುವುದಕ್ಕೇ ವ್ಯಯವಾಗಿ, ಒಂದು ಪಾಲು ಮಾತ್ರ ಹಿಡಿತವಾಗಿ ನಿಲ್ಲುವುದು. ನಿಯಮಿಸಿದ ಅಳತೆಗಳು ಆ ಪ್ರತಿರೋಧವನ್ನು ಗಣನೆಗೆ ತಂದುಕೊಂಡೇ ಹುಟ್ಟಿದವು. ಎಣ್ಣೆಯು ಪ್ರತಿರೋಧವನ್ನು ತಗ್ಗಿಸಿದಾಗ ಅದೇ ಬಲವು ಬೋಲ್ಟನ್ನು ಮಿತಿಮೀರಿ ಎಳೆಯುವುದು. ಸಾಧನೆಯಲ್ಲಿಯೂ ಪ್ರಯಾಸದ ಬಹುಭಾಗ ವ್ಯರ್ಥವಾಯಿತೆಂದು ಕೊರಗುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬಹುದು: ಅಡ್ಡಿಯನ್ನು ಗೆಲ್ಲುವುದಕ್ಕೆ ವೆಚ್ಚವಾದ ಒಂಬತ್ತು ಪಾಲಿಲ್ಲದೆ ಹಿಡಿದು ನಿಲ್ಲಿಸುವ ಒಂದು ಪಾಲು ದೊರೆಯುವುದಿಲ್ಲ.

ಕರ್ತೃ ಮತ್ತು ಕರಣಗಳ ವಿಷಯದಲ್ಲಿ ಸಮಸ್ಯೆಯು ಇನ್ನೂ ಸೂಕ್ಷ್ಮವಾದುದು. ಸಣ್ಣ ಕಾರಿನ ನಟ್ಟಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 80ರಿಂದ 110 ನ್ಯೂಟನ್-ಮೀಟರ್. ಕಾಲು ಮೀಟರ್ ಉದ್ದದ ಪಾನಾದ ತುದಿಯನ್ನು ಸುಮಾರು 40 ಕಿಲೋ ಭಾರದಿಂದ ಒತ್ತಿದರೆ ಅದು ಒದಗುತ್ತದೆ. ಪಂಚರ್ ಅಂಗಡಿಯಲ್ಲಿ 70 ಕಿಲೋ ತೂಕದ ಆಳು ಅದೇ ಪಾನಾದ ಮೇಲೆ ಹತ್ತಿ ನಿಂತರೆ ಬಿಗಿಯು 170ನ್ನು ದಾಟುವುದು. ಇಷ್ಟು ಎಳೆದ ಬೋಲ್ಟು ತನ್ನ ಸ್ಥಿತಿಸ್ಥಾಪಕತೆಯನ್ನು ಕಳೆದುಕೊಳ್ಳಬಹುದು. ಬ್ರೇಕಿನ ತಟ್ಟೆ ಸೊಟ್ಟಗಾಗಬಹುದು. ಕುಮಟೆಯಿಂದ ಶಿರಸಿಗೆ ಏರುವ ದೇವಿಮನೆ ಘಟ್ಟದಲ್ಲಿ ರಾತ್ರಿಯ ಹೊತ್ತು ಟಯರು ಒಡೆದರೆ, ಆ ನಟ್ಟನ್ನು ಬಿಚ್ಚಿ ಸ್ಟೆಪ್ನಿ ಹಾಕುವುದು ಒಬ್ಬನ ಕೈಯಲ್ಲಿ ಆಗದೆ ಹೋಗಬಹುದು. ಸಡಿಲಬಿಟ್ಟವನದು ಪ್ರಮಾದವೆಂಬುದನ್ನು ಎಲ್ಲರೂ ಒಪ್ಪುವರು; ಅತಿಯಾಗಿ ಬಿಗಿದವನನ್ನು ಮಾತ್ರ ಲೋಕವು ಶ್ರದ್ಧಾವಂತನೆಂದು ಹೊಗಳುವುದು. ವಿಚಾರಿಸಿದರೆ ಇಬ್ಬರ ದೋಷವೂ ಒಂದೇ ಕುಲದ್ದು. ಸಡಿಲಬಿಟ್ಟವನು ತನ್ನ ಪಾಲಿನ ಹೊಣೆಯನ್ನು ದೈವದ ಮೇಲೆ ಹೊರಿಸಿದನು. ಅತಿಯಾಗಿ ಬಿಗಿದವನು ದೈವದ ಪಾಲನ್ನೂ ತನ್ನ ತೋಳಿನಲ್ಲಿಯೇ ಹಿಡಿದಿಡುವೆನೆಂದು ಹೊರಟನು. ಒಂದು ಆಲಸ್ಯ, ಮತ್ತೊಂದು ಭಯವನ್ನು ಮುಚ್ಚಿಕೊಂಡ ಅಹಂಕಾರ. ದೇಹಾಭಿಮಾನಕ್ಕೆ ಶರಣರ ನುಡಿಯೇ ತಡೆಯೆಂಬುದನ್ನು ತಿಳಿಸಲು ವಚನಕಾರ ಜೇಡರ ದಾಸಿಮಯ್ಯನು, ಚಕ್ರವು ಕಳಚದಂತೆ ತಡೆಯುವ ಬಂಡಿಯ ಕಡೆಗೀಲನ್ನೇ ಆರಿಸಿಕೊಂಡನು. ವ್ರತನಿಯಮಗಳನ್ನು ದೇಹ ಮುರಿಯುವಷ್ಟು ಬಿಗಿಗೊಳಿಸುವವರಿಗೂ ಆ ತಡೆಯು ಅವಶ್ಯ.

ಇನ್ನು ಚೇಷ್ಟೆ, ಎಂದರೆ ಕ್ರಮ. ನಟ್ಟಿನ ಇಳಿಜಾರು ಮುಖವನ್ನು ಚಕ್ರದ ಕಡೆಗಿಟ್ಟು, ಮೊದಲು ಬೆರಳಿನಿಂದಲೇ ಮರೆ ಹತ್ತಿಸಿ, ಜಾಕಿನ ಮೇಲಿರುವಾಗ ಹಗುರವಾಗಿ ಕೂರಿಸಿ, ಟಯರು ನೆಲವನ್ನು ಮುಟ್ಟಿದ ಬಳಿಕ ಪೂರ್ಣಬಿಗಿ ಕೊಡತಕ್ಕದ್ದು. ಪಕ್ಕಪಕ್ಕದ ನಟ್ಟುಗಳನ್ನು ಸಾಲಾಗಿ ಬಿಗಿಯದೆ, ಒಂದರ ಬಳಿಕ ಅದರ ಎದುರಿನದನ್ನು ಹಿಡಿದು, ಎರಡು ಮೂರು ಸುತ್ತಿನಲ್ಲಿ ಎಲ್ಲವನ್ನೂ ಸಮಾನವಾಗಿ ಏರಿಸಬೇಕು. ಒಂದಕ್ಕೇ ಮೊದಲು ಸಂಪೂರ್ಣಾಧಿಕಾರ ಕೊಟ್ಟರೆ ಚಕ್ರವು ಅದರ ಕಡೆಗೆ ವಾಲಿ ಕೂರುವುದು. ಇಷ್ಟಾದರೂ ಕೆಲಸ ಮುಗಿಯದು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಬಿಗಿಯನ್ನು ಮರಳಿ ನೋಡಬೇಕೆಂಬುದು ಬಲ್ಲವರ ನಿಯಮ. ಭಟ್ಕಳದಲ್ಲಿ ಹಾಕಿದ ಚಕ್ರವನ್ನು ಅರುವತ್ತು ಕಿಲೋಮೀಟರಿನಷ್ಟು ದೂರದ ಕುಮಟೆಯಲ್ಲಿ ನಿಲ್ಲಿಸಿ ನೋಡಿದರೆ ಸರಿಹೋಗುವುದು. ಲೋಹಕ್ಕೆ ಕೂಡ ಕೂತು ಹೊಂದಿಕೊಳ್ಳಲು ಅವಕಾಶ ಬೇಕು, ಕೂತ ಮೇಲೆ ಪುನಃಪರೀಕ್ಷೆಯೂ ಬೇಕು. ಒಮ್ಮೆ ಮಾಡಿದ ಸಂಕಲ್ಪ ಆಯುಷ್ಯವಿಡೀ ಸಾಲುವುದೆಂಬ ಧೈರ್ಯ ಮನುಷ್ಯನಿಗೆ ಮಾತ್ರ ಎಲ್ಲಿಂದ ಬಂದಿತೋ!

ಈ ನಾಲ್ಕೂ ನೆರವೇರಿದ ಮೇಲೆ ಉಳಿಯುವುದು ದೈವ. ಉಕ್ಕಿನ ಒಳಗಿನ ಕಾಣದ ಬಿರುಕು, ಶರಾವತಿಯ ಸೇತುವೆಯ ಮೇಲೆ ಒಮ್ಮೆಲೇ ಕವಿಯುವ ಮಳೆ, ತಿರುವಿನಲ್ಲಿ ಎದುರಾಗುವ ಲಾರಿಯ ಚಾಲಕನ ನಿದ್ದೆ, ಇವು ಯಾವ ಪಾನಾಕ್ಕೂ ಸಿಲುಕವು; ಇಲ್ಲಿ ಪ್ರಾರ್ಥನೆಗೆ ನಿಜವಾದ ಸ್ಥಾನವಿದೆ. ಭಟ್ಕಳದ ನವಾಯತ ಮುಸಲ್ಮಾನರು ಅನುಸರಿಸುವ ಧರ್ಮದಲ್ಲಿಯೂ ವಿವೇಕವು ಇದೇ ಆಗಿದೆ: ಒಂಟೆಯನ್ನು ಕಟ್ಟದೆ ದೇವರನ್ನು ನಂಬಲೋ ಎಂದು ಕೇಳಿದವನಿಗೆ, ಕಟ್ಟಿದ ಮೇಲೆ ನಂಬೆಂದು ಪ್ರವಾದಿಗಳು ತಿಳಿಸಿದ ವೃತ್ತಾಂತವು ತಿರ್ಮಿದಿಯವರ ಹದೀಸ್ ಸಂಗ್ರಹದಲ್ಲಿದೆ.

ಆದುದರಿಂದ ಶ್ರದ್ಧೆಯು ಎಚ್ಚರದ ಸ್ಥಾನವನ್ನು ತುಂಬಲಾರದು. ಎಚ್ಚರವು ಮುಗಿಯುವಲ್ಲಿ ಶ್ರದ್ಧೆಯು ಆರಂಭವಾಗುವುದು. ಮೊದಲ ನಾಲ್ಕು ಕಾರಣಗಳನ್ನು ಉಪೇಕ್ಷಿಸಿದವನಿಗೆ ಐದನೆಯದನ್ನು ಬೇಡುವ ಅಧಿಕಾರವಿಲ್ಲ. ಅವನ್ನು ಪ್ರಮಾಣಬದ್ಧವಾಗಿ ನೆರವೇರಿಸಿದವನು ಬೇಡಲು ನಾಚಬೇಕಾದುದೂ ಇಲ್ಲ. ವಾಹನವುಳ್ಳ ಓದುಗರು ತಮ್ಮ ಕಾರಿನ ಕೈಪಿಡಿಯಲ್ಲಿ ನಟ್ಟಿನ ಬಿಗಿಯ ಅಂಕಿಯನ್ನು ಹುಡುಕಿ ಬರೆದಿಟ್ಟುಕೊಳ್ಳಲಿ; ಚಕ್ರ ಬಿಚ್ಚಿಸಿದಾಗಲೆಲ್ಲ ಆ ಅಂಕಿಯನ್ನೇ ಕೇಳಿ ಹಾಕಿಸಲಿ. ದಾರಿಯಲ್ಲಿ ನಡೆಯುವ ಅಪರಿಚಿತನಿಗೂ ನಮ್ಮಿಂದ ಸಲ್ಲಬೇಕಾದ ಋಣವಿದು.