ಉರಿಯದ ದೀಪ ಮತ್ತು ಅಭಾವದ ಅರಿವು

ಇಲ್ಲದಿರುವುದನ್ನು ಅರಿಯುವ ಬಗೆ ಯಾವುದು ಎಂಬ ಪ್ರಶ್ನೆ ಭಾರತೀಯ ಪ್ರಮಾಣಶಾಸ್ತ್ರದಲ್ಲಿ, ಅಂದರೆ ಯಥಾರ್ಥ ಜ್ಞಾನದ ಸಾಧನಗಳನ್ನು ಪರೀಕ್ಷಿಸುವ ಶಾಸ್ತ್ರದಲ್ಲಿ, ದೀರ್ಘವಾದ ವಾದಕ್ಕೆ ವಸ್ತುವಾಗಿದೆ. ನೆಲದ ಮೇಲೆ ಗಡಿಗೆಯಿಲ್ಲ ಎಂಬುದನ್ನು ಕಣ್ಣೇ ತಿಳಿಸುತ್ತದೆ ಎಂದು ನ್ಯಾಯದರ್ಶನದವರಾದ ನೈಯಾಯಿಕರು ಹೇಳಿದರೆ, 7ನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟರು ಇಂದ್ರಿಯವು ಇರುವುದನ್ನು ಮಾತ್ರ ಮುಟ್ಟಬಲ್ಲದಾದ್ದರಿಂದ ಅಭಾವದ ಅರಿವಿಗೆ ಅನುಪಲಬ್ಧಿ, ಎಂದರೆ ಕಾಣದಿರುವಿಕೆ, ಎಂಬ ಬೇರೆಯೇ ಪ್ರಮಾಣ ಬೇಕೆಂದು ವಾದಿಸಿದರು. ಅದ್ವೈತಿಗಳು ಇದನ್ನು ಒಪ್ಪಿದರು; ಉಡುಪಿಯ ಮಧ್ವಾಚಾರ್ಯರ ಪರಂಪರೆಯಾದರೋ ಪ್ರತ್ಯಕ್ಷ, ಅನುಮಾನ, ಆಗಮಗಳಾಚೆಗೆ ನಾಲ್ಕನೆಯದೊಂದನ್ನು ಸೇರಿಸಲು ಒಪ್ಪಲಿಲ್ಲ.

ಹಳೆಯ ಕಾರುಗಳ ವಿದ್ಯುತ್ ದೋಷಗಳಲ್ಲಿ ಬಹುಪಾಲು ಇಂಥ ಅಭಾವಗಳೇ ಆಗಿರುವುದರಿಂದ ಈ ವಾದವನ್ನು ಅಲ್ಲಿಟ್ಟು ನೋಡುವುದು ವ್ಯರ್ಥವಲ್ಲ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರಿನಲ್ಲಿ ಇಗ್ನಿಷನ್ ಸ್ವಿಚ್ಚಿನಿಂದ ಬಿಳಿ ತಂತಿಯಲ್ಲಿ ಬರುವ ವಿದ್ಯುತ್ತು ಫ್ಯೂಸನ್ನು ದಾಟಿದ ಮೇಲೆ ಹಸಿರು ತಂತಿಗಳಲ್ಲಿ ಕವಲೊಡೆದು ಬ್ರೇಕ್ ದೀಪ, ವೈಪರ್ ಮುಂತಾದವನ್ನು ತಲುಪುತ್ತದೆ. ವೈಪರ್ ಆಡುತ್ತಿದ್ದೂ ಬ್ರೇಕ್ ದೀಪ ಉರಿಯದಿದ್ದರೆ ಫ್ಯೂಸ್ ನೆಟ್ಟಗಿದೆಯೆಂದು ಊಹಿಸುವುದು ಶುದ್ಧ ಅನುಮಾನ. ಅಲ್ಲಿಂದ ಮುಂದೆ ಮೆಕ್ಯಾನಿಕ್ಕು ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಕಾರಿನ ಲೋಹದ ಬಾಡಿಗೆ ಕಚ್ಚಿಸಿ, ಮೊನೆಯನ್ನು ಬ್ರೇಕ್ ಸ್ವಿಚ್ಚಿನ ಟರ್ಮಿನಲ್ಲಿಗೆ ಮುಟ್ಟಿಸುತ್ತಾನೆ. ದೀಪ ಹತ್ತುವುದಿಲ್ಲ. ಅಲ್ಲಿಗೆ ವಿದ್ಯುತ್ತು ಬಂದಿಲ್ಲವೆಂದು ಇಷ್ಟರಿಂದಲೇ ಹೇಳಬಹುದೇ?

ಹೇಳಲಾಗದು ಎಂಬುದಕ್ಕೆ ಮೀಮಾಂಸಕರ ಬಳಿ ಒಂದು ಹೆಸರೇ ಇದೆ: ಯೋಗ್ಯಾನುಪಲಬ್ಧಿ. ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಸನ್ನಿವೇಶದಲ್ಲಿ ಮಾತ್ರ ಕಾಣದಿರುವಿಕೆಯು ಇಲ್ಲದಿರುವಿಕೆಯ ಪ್ರಮಾಣವಾಗುತ್ತದೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಅಲ್ಲಿಲ್ಲವೆಂದಾಗುವುದಿಲ್ಲ. ಟೆಸ್ಟ್ ಲ್ಯಾಂಪಿನ ಒಳಗಿನ ತಂತುವೇ ಸುಟ್ಟಿರಬಹುದು, ಇಲ್ಲವೇ ಕ್ಲಿಪ್ಪು ಬಣ್ಣದ ಮೇಲೋ ತುಕ್ಕಿನ ಮೇಲೋ ಕೂತು ಅರ್ಥ್ ಸಿಗದಿರಬಹುದು. ಕ್ಲಿಪ್ಪನ್ನು ಅಲ್ಲಿಂದ ಕೀಳದೆಯೇ ಮೊನೆಯನ್ನು ಮೊದಲು ಬ್ಯಾಟರಿಯ ಟರ್ಮಿನಲ್ಲಿಗೆ ಮುಟ್ಟಿಸಿ, ದೀಪ ಉರಿಯುವುದನ್ನು ಕಂಡ ಮೇಲೆಯೇ ಕೆಲಸಕ್ಕಿಳಿಯುವ ಕುಶಲಿಯು ಗ್ರಂಥ ಓದದೆಯೂ ಈ ಯೋಗ್ಯತೆಯ ನಿಯಮವನ್ನೇ ಪಾಲಿಸುತ್ತಾನೆ. (1967ರವರೆಗಿನ ಎಂಜಿಬಿಗಳಲ್ಲಿ ಬಾಡಿಗೆ ಸೇರಿದ್ದು ಬ್ಯಾಟರಿಯ ಧನ ತುದಿ, ಟೆಸ್ಟ್ ಲ್ಯಾಂಪಿಗೆ ಇದರಿಂದ ಬಾಧೆಯಿಲ್ಲ, ಗೊಂದಲವೆಲ್ಲ ಮನುಷ್ಯನದು.)

ಇದಕ್ಕಿಂತ ತೊಡಕಿನದು ಇದ್ದಂತೆ ತೋರುವ ವಿದ್ಯುತ್ತು. ಡಿಜಿಟಲ್ ಮಲ್ಟಿಮೀಟರು ತಾನು ಬಹಳ ಅಲ್ಪ ವಿದ್ಯುತ್ತನ್ನಷ್ಟೇ ಸೆಳೆಯುವುದರಿಂದ, ಕಿಲುಬು ಹಿಡಿದ ಜೋಡಣೆಯ ಆಚೆ ತುದಿಯಲ್ಲೂ ಅದು 12 ವೋಲ್ಟ್ ತೋರಿಸಬಲ್ಲದು. ಅದೇ ತುದಿಗೆ ಸುಮಾರು 1.75 ಆಂಪಿಯರ್ ಬೇಡುವ 21 ವ್ಯಾಟಿನ ಬಲ್ಬನ್ನು ಸೇರಿಸಿದೊಡನೆ ವೋಲ್ಟೇಜು ಕುಸಿದುಬೀಳುತ್ತದೆ. ಕಾರ್ಯವನ್ನು ಮಾಡುವ ಸಾಮರ್ಥ್ಯವೇ, ಅಂದರೆ ಅರ್ಥಕ್ರಿಯೆಯೇ, ಸತ್ತೆಯ ಲಕ್ಷಣವೆಂದ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಅಳತೆಯಿಂದ ನೋಡಿದರೆ, ದೀಪ ಬೆಳಗಲಾರದ ಆ 12 ವೋಲ್ಟುಗಳಿಗೆ ಇದೆ ಎನ್ನಿಸಿಕೊಳ್ಳುವ ಹಕ್ಕು ಕಡಿಮೆಯೇ. ಮೀಟರು ಸುಳ್ಳು ಹೇಳಲಿಲ್ಲ ಎಂಬುದೂ ನಿಜ. ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ತಾನಾಗಿ ಮಾಯವಾಗುವ ದೋಷದಲ್ಲಿ ಇದೇ ತರ್ಕ ತಿರುಗುಮುರುಗಾಗುತ್ತದೆ. ತಂತಿಗಳ ಕಟ್ಟನ್ನು ಸ್ವಲ್ಪ ಸರಿಸಿದಾಗ ಬ್ರೇಕ್ ದೀಪ ಉರಿಯತೊಡಗಿ, ಮತ್ತೆ ಕೆಡದೇ ಹೋದರೆ, ಈಗ ಕಾಣದಿರುವುದು ದೋಷವೇ. ಆದರೆ ಇಂಜಿನ್ ತಣ್ಣಗಿದ್ದು ಕಾರು ನಿಂತಲ್ಲೇ ನಿಂತಿರುವಾಗ ಅದು ಕಾಣಿಸಿಕೊಳ್ಳಬೇಕಾದ ಸನ್ನಿವೇಶವೇ ಒದಗಿರುವುದಿಲ್ಲ. ಬಲ್ಲವರು ಬಿಲ್ಲು ಬರೆಯುವ ಮುನ್ನ ಕಾರನ್ನು ಬಿಸಿಯೇರುವವರೆಗೆ ಓಡಿಸಿ, ಹಳ್ಳದಿಣ್ಣೆಯ ರಸ್ತೆಯಲ್ಲಿ ಎಲ್ಲ ದೀಪ ಹಚ್ಚಿ ಕುಲುಕಾಡಿಸಿ, ಹಿಂದಿನಿಂದ ಇನ್ನೊಬ್ಬರನ್ನು ನೋಡಲು ಬಿಟ್ಟು ಮತ್ತೆ ಮತ್ತೆ ಬ್ರೇಕ್ ತುಳಿಯುವುದು ಇದಕ್ಕಾಗಿಯೇ.