ಎದುರಿನವನ ಕಣ್ಣು

ದೀಪವನ್ನು ಜ್ಞಾನಕ್ಕೆ ಹೋಲಿಸುವುದು ಎಲ್ಲ ಮತಗಳ ವಾಙ್ಮಯದಲ್ಲೂ ರೂಢವಾಗಿದೆ. ಆದರೆ ದೀಪವು ಸರ್ವಥಾ ನಿರ್ದೋಷವಾದ ವಸ್ತುವೆಂದು ಶ್ರಾವಕಾಚಾರದ ಪರಂಪರೆ ಎಂದೂ ಭಾವಿಸಲಿಲ್ಲ. ರಾತ್ರಿಭೋಜನದ ನಿಷೇಧಕ್ಕೆ ಹೇಳುವ ಕಾರಣಗಳಲ್ಲಿ ಒಂದು, ಕತ್ತಲಲ್ಲಿ ಆಹಾರದೊಳಗಿನ ಜೀವಿಗಳು ಕಾಣಿಸವೆಂಬುದು. ಹಾಗಾದರೆ ದೀಪ ಹಚ್ಚಿಕೊಂಡು ಉಣ್ಣಬಹುದಲ್ಲವೆ ಎಂದು ಕೇಳಿದವರಿಗೆ, ದೀಪವೇ ಕೀಟಗಳನ್ನು ಸೆಳೆದು ಕೊಲ್ಲುವುದೆಂಬುದು ಉತ್ತರ. ಉಣ್ಣುವವನಿಗೆ ಉಪಕಾರಿಯಾದ ಬೆಳಕೇ ಪತಂಗಕ್ಕೆ ಮೃತ್ಯು. ಬೆಳಕನ್ನು ಹೊತ್ತಿಸಿದವನ ಪ್ರಯೋಜನದಿಂದ ಮಾತ್ರ ಅಳೆಯದೆ, ಅದು ಯಾರ ಮೇಲೆ ಬೀಳುವುದೋ ಅವರ ಕಡೆಯಿಂದಲೂ ಅಳೆಯುವ ಅಭ್ಯಾಸ ಹೀಗೆ ಬಹಳ ಹಳೆಯದು. ಇಂದಿನ ರಸ್ತೆಗಳಲ್ಲಿ ಆ ಅಭ್ಯಾಸಕ್ಕೆ ಹೊಸದೊಂದು ಕೆಲಸ ಒದಗಿದೆ.

ಕಲಬುರಗಿ ಜಿಲ್ಲೆಯಲ್ಲಿ ಇರುಳು ಸಂಚರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಡಿ ಮತ್ತು ಸೇಡಂ ಕಡೆಯಿಂದ ಸಿಮೆಂಟು ಹೊತ್ತ ಲಾರಿಗಳು, ಶಹಾಬಾದಿನ ಕಡೆಯಿಂದ ಹಾಸುಗಲ್ಲು ಹೊತ್ತವು, ಸುಗ್ಗಿಯ ಕಾಲದಲ್ಲಿ ಕೊಡ್ಲಿ, ಚಿಂಚೋಳಿಗಳ ಸುತ್ತಲಿನ ಊರುಗಳಿಂದ ತೊಗರಿ ತುಂಬಿಕೊಂಡು ಬರುವ ಟ್ರ್ಯಾಕ್ಟರುಗಳು; ಇವುಗಳ ನಡುವೆ ಹಿಂದೊಂದು ಕೆಂಪು ಬಿಲ್ಲೆಯೂ ಇಲ್ಲದ ಎತ್ತಿನ ಬಂಡಿ, ಕಂಬಳಿ ಹೊದ್ದು ಅಂಚಿನಲ್ಲಿ ನಡೆಯುವ ಮುದುಕ, ಮಗುವನ್ನು ಮುಂದೆ ಕೂರಿಸಿಕೊಂಡ ಬೈಕಿನವನು. ರಸ್ತೆಗೆ ಬೀದಿದೀಪವಿಲ್ಲ. ಎದುರಿನಿಂದ ಬೆಳ್ಳಗೆ ಉರಿಯುವ ಎರಡು ದೀಪಗಳು ಬಂದಾಗ ಈ ಎಲ್ಲರೂ ಒಮ್ಮೆಗೇ ಮಾಯವಾಗುತ್ತಾರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕೋರೈಸಿದ ಕಣ್ಣು ಮರಳಿ ಕತ್ತಲಿಗೆ ಹೊಂದಿಕೊಳ್ಳಲು ಎರಡು ಮೂರು ಸೆಕೆಂಡುಗಳಾದರೂ ಬೇಕು. ವಯಸ್ಸಾದವರಿಗೆ, ಪೊರೆ ಬಂದ ಕಣ್ಣಿನವರಿಗೆ ಇನ್ನೂ ಹೆಚ್ಚು. ಅಷ್ಟು ದೂರವನ್ನು ಚಾಲಕನು ಕುರುಡನಾಗಿಯೇ ಕ್ರಮಿಸುತ್ತಾನೆ.

ಈ ಕೇಡು ಬಹುಪಾಲು ಹುಟ್ಟುವುದು ಬಲ್ಬನ್ನು ಬದಲಿಸುವುದರಿಂದ. ಹ್ಯಾಲೊಜನ್ ಬಲ್ಬುಗಳಲ್ಲಿ ಹೆಚ್ಚು ಬಳಕೆಯ ಎಚ್‌4 ಮಾದರಿಯೊಳಗೆ ಎರಡು ತಂತುಗಳಿವೆ. ಕಾರಿನ 12 ವೋಲ್ಟಿನ ಬಲ್ಬಿನಲ್ಲಿ ದೂರದ ಬೆಳಕಿಗೆ 60 ವಾಟ್, ಡಿಮ್ ಬೆಳಕಿಗೆ 55 ವಾಟ್. ಲಾರಿಯ 24 ವೋಲ್ಟಿನದರಲ್ಲಿ 75 ಮತ್ತು 70. ಡಿಮ್ ತಂತುವಿನ ಕೆಳಗೆ ಲೋಹದ ಚಿಕ್ಕದೊಂದು ಬಟ್ಟಲಿದೆ. ಆ ತಂತುವಿನಿಂದ ಕೆಳಮುಖವಾಗಿ ಹೊರಟ ಬೆಳಕನ್ನು ಅದು ತಡೆಯುತ್ತದೆ. ತಡೆಯದಿದ್ದರೆ ಆ ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ತಾಗಿ, ಮೇಲಕ್ಕೆ ಚಿಮ್ಮಿ, ಎದುರಿನವನ ಕಣ್ಣಿಗೆ ಬೀಳುತ್ತಿತ್ತು. ಅಂದರೆ ಬಲ್ಬು ತಾನು ಕೊಡಬಲ್ಲ ಬೆಳಕಿನ ಒಂದು ದೊಡ್ಡ ಪಾಲನ್ನು ಬೇಕೆಂದೇ ಬಿಟ್ಟುಕೊಡುವಂತೆ ರಚಿತವಾಗಿದೆ. ಅಂಗಡಿಯಲ್ಲಿ ಸಿಗುವ 100/90 ವಾಟಿನ ಬಲ್ಬು ಈ ಲೆಕ್ಕವನ್ನು ಕೆಡಿಸುತ್ತದೆ. ಹೋಲ್ಡರನ್ನೂ ವೈರನ್ನೂ ಕಾಯಿಸಿ ಕರಗಿಸುವುದು ಬೇರೆ. ಹ್ಯಾಲೊಜನ್ನಿಗೆಂದು ಮಾಡಿದ ದೀಪದೊಳಗೆ ತೂರಿಸಿದ ಅಗ್ಗದ ಎಲ್‌ಇಡಿ ಇನ್ನೂ ಕೆಡುಕಿನದು. ಬೆಳಕು ಹುಟ್ಟುವ ಬಿಂದು ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ರಿಫ್ಲೆಕ್ಟರು ಅದನ್ನು ರಸ್ತೆಗೆ ಇಳಿಸಲಾರದೆ ಎಲ್ಲೆಡೆಗೆ ಎರಚುತ್ತದೆ. ವಾಹನದ ಮುಂದಿನ ನಾಲ್ಕು ಮಾರು ನೆಲ ಹಗಲಿನಂತೆ ಬೆಳಗುವುದರಿಂದ ಚಾಲಕನಿಗೆ ಸಂತೋಷವಾಗುತ್ತದೆ. ಆ ಹೊಳಪಿಗೆ ಒಗ್ಗಿದ ಅವನ ಕಣ್ಣು ದೂರದ ಕತ್ತಲನ್ನು ಮೊದಲಿಗಿಂತ ಕಡಿಮೆ ಕಾಣುತ್ತದೆಂಬುದು ಅವನ ಅರಿವಿಗೆ ಬರುವುದಿಲ್ಲ.

ಹೊಸ ಬಲ್ಬೆಂದ ಮಾತ್ರಕ್ಕೆ ದೋಷವೆಂದು ಇದರ ಅರ್ಥವಲ್ಲ. ಜರ್ಮನಿಯಲ್ಲಿ 2020ರಿಂದೀಚೆಗೆ ಹ್ಯಾಲೊಜನ್ನಿನ ಜಾಗದಲ್ಲಿ ಹಾಕುವ ಕೆಲವು ಎಲ್‌ಇಡಿಗಳಿಗೆ ಅನುಮತಿ ದೊರೆತಿದೆ. ಆದರೆ ಯಾವ ಕಾರಿನ ಯಾವ ದೀಪದೊಳಗೆ ಅದನ್ನು ಪರೀಕ್ಷಿಸಿದೆಯೋ ಆ ಪಟ್ಟಿಗಷ್ಟೇ ಅನುಮತಿ. ಬಲ್ಬು ಮತ್ತು ದೀಪ ಜೊತೆಯಾಗಿಯೇ ಒಳ್ಳೆಯವು ಅಥವಾ ಕೆಟ್ಟವು.

ಭಾರತದ ಕಾನೂನು ಈ ವಿಷಯವನ್ನು ಕುರಿತು ಆಡುವ ಮಾತು ಗಮನಾರ್ಹವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯ ನಿಯಮವು ದೀಪದ ಬೆಳಕನ್ನು ಕೆಳಕ್ಕೆ ಬಾಗಿಸುವುದನ್ನು ಕುರಿತದ್ದು. ದೀಪದ ಮುಂದೆ 8 ಮೀಟರ್ ದೂರದಲ್ಲಿ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣುಳ್ಳ ಯಾವ ವ್ಯಕ್ತಿಯನ್ನೂ ಆ ಬೆಳಕು ಕೋರೈಸಬಾರದು. ಅದು ಶಾಶ್ವತವಾಗಿ ಕೆಳಗೆ ಬಾಗಿರಬೇಕು, ಇಲ್ಲವೆ ಚಾಲಕನು ಬೇಕೆಂದಾಗ ಬಾಗಿಸುವಂತಿರಬೇಕು. ಇಲ್ಲಿ ಅಳತೆಗೋಲು ಚಾಲಕನ ಕೈಯಲ್ಲಿಲ್ಲ. ಅದನ್ನು ನೆಟ್ಟಿರುವುದು ಎದುರಿಗೆ ಬರುವ, ಹೆಸರಿಲ್ಲದ ಒಬ್ಬ ಮನುಷ್ಯನ ಕಣ್ಣಿನ ಎತ್ತರದಲ್ಲಿ. ಸಾರಿಗೆ ಕಚೇರಿಯ ಒಣ ಗದ್ಯದೊಳಗೆ ಇಷ್ಟು ಸೂಕ್ಷ್ಮವಾದ ಧರ್ಮವಿಚಾರ ಅಡಗಿರುವುದನ್ನು ಹೆಚ್ಚಿನವರು ಗಮನಿಸಿಲ್ಲ. 2024ರ ಮಧ್ಯಭಾಗದಲ್ಲಿ ಕರ್ನಾಟಕ ಪೊಲೀಸರು, ವಿಶೇಷವಾಗಿ ಲಾರಿಗಳನ್ನು ಲಕ್ಷ್ಯದಲ್ಲಿಟ್ಟು, ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ಮೊಕದ್ದಮೆ ಹೂಡಲು ತೊಡಗಿದಾಗ ಅನೇಕರಿಗೆ ಅದು ಹೊಸ ಕಾನೂನೆಂದೇ ತೋರಿತು. ಮೊದಲ ತಪ್ಪಿಗೆ 500 ರೂಪಾಯಿ ದಂಡ. ಹಲವು ಬಲ್ಬುಗಳ ಬೆಲೆಯೇ ಅದಕ್ಕಿಂತ ಹೆಚ್ಚು.

ದಂಡಕ್ಕಿಂತ ದೊಡ್ಡ ತಡೆಯೆಂದು ತಿಳಿಯಲಾಗಿರುವುದು ಅರ್ಹತಾ ಪರೀಕ್ಷೆ, ಜನರ ಮಾತಿನಲ್ಲಿ ಎಫ್‌ಸಿ. ಬಾಡಿಗೆಗೆ ಓಡುವ ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಈ ಪತ್ರ ಬೇಕು. ಸ್ವಂತದ ಕಾರಿಗೂ ಬೈಕಿಗೂ ನೋಂದಣಿಯ 15 ವರ್ಷ ಮುಗಿಯುವವರೆಗೆ ಅಂಥ ಪರೀಕ್ಷೆಯೇ ಇಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಖಾಸಗಿ ಕಾರು ಪ್ರತಿವರ್ಷ ಪರೀಕ್ಷೆಗೆ ನಿಲ್ಲಬೇಕು. ಹ್ಯಾಲೊಜನ್ ದೀಪಕ್ಕೆ ಕ್ಸೆನಾನ್ ಬಲ್ಬು ಸೇರಿಸಿದ್ದು ಕಂಡರೆ ಅದು ಅಲ್ಲಿಯೇ ಅನುತ್ತೀರ್ಣ. ಇಲ್ಲಿಯೋ ಲಾರಿಯವನನ್ನು ಬಯ್ಯುವ ಕಾರಿನ ಒಡೆಯನು ತನ್ನ ದೀಪವನ್ನು ಹದಿನೈದು ವರ್ಷ ಯಾವ ನಿರೀಕ್ಷಕನಿಗೂ ತೋರಿಸಬೇಕಾಗಿಲ್ಲ. ಅವನ ಪಾಲಿಗೆ ಪರೀಕ್ಷಕನು ಅವನೇ.

ಪರೀಕ್ಷೆ ಇರುವ ಕಡೆಯಲ್ಲಿ ನಡೆಯುವುದೇನು? ಎಫ್‌ಸಿಯ ಮುನ್ನಾದಿನ ಹಳೆಯ ಬಲ್ಬು ಹಾಕಿಸಿ, ಪತ್ರ ಕೈಸೇರಿದ ಸಂಜೆ ಮತ್ತೆ ಬಿಳಿಯ ಬಲ್ಬು ಹಾಕಿಸುವವರಿದ್ದಾರೆಂಬುದು ಗ್ಯಾರೇಜುಗಳಲ್ಲಿ ಗುಟ್ಟೇನಲ್ಲ. ಇದನ್ನು ಜಾಣತನವೆಂದು ಎಣಿಸುವುದೂ ಉಂಟು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ರಾಜ್ಯದ ಕಟ್ಟಳೆಯನ್ನು ಮೀರುವುದನ್ನೂ, ಒಂದನ್ನು ತೋರಿಸಿ ಇನ್ನೊಂದನ್ನು ದಾಟಿಸುವ ಪ್ರತಿರೂಪಕ ವ್ಯವಹಾರವನ್ನೂ ಅದೇ ಪಟ್ಟಿಯಲ್ಲಿ ಸೇರಿಸಿದ್ದಾರೆ. ಕಲಬೆರಕೆಯ ತುಪ್ಪ, ಖೋಟಾ ನಾಣ್ಯಗಳು ಆ ಕಾಲದ ಉದಾಹರಣೆಗಳು. ಎಫ್‌ಸಿಯ ದಿನದ ಬಲ್ಬು ಅದೇ ಜಾತಿಯದು. ಇದರಲ್ಲಿ ಇನ್ನೊಂದು ಸಂಗತಿಯೂ ಇದೆ. ಬಟ್ಟೆಯಲ್ಲಿ ಸುತ್ತಿ ಟೂಲ್‌ಬಾಕ್ಸಿನಲ್ಲಿ ಕಾದಿಟ್ಟ ಆ ಹಳೆಯ ಬಲ್ಬು, ಒಡೆಯನಿಗೆ ತಪ್ಪಿನ ಅರಿವಿತ್ತೆಂಬುದಕ್ಕೆ ಸಾಕ್ಷಿ. ತಿಳಿಯದೆ ಮಾಡಿದೆನೆಂಬ ಮಾತು ಅವನಿಗೆ ಉಳಿಯುವುದಿಲ್ಲ.

ಆದರೆ ಎಲ್ಲರೂ ಅಂಥವರಲ್ಲ. ಹೆಚ್ಚಿನ ಚಾಲಕರನ್ನು ಬಲ್ಬಿನ ಅಂಗಡಿಗೆ ಕರೆದೊಯ್ಯುವುದು ದರ್ಪವಲ್ಲ, ಭಯ. ಮಂಕಾದ ಹಳದಿ ಬೆಳಕಿನಲ್ಲಿ ಬಂಡಿ ಕಾಣದೆ ಗುದ್ದಿದರೆ ಗತಿಯೇನು ಎಂಬ ಅವನ ಪ್ರಶ್ನೆ ಸುಳ್ಳಲ್ಲ. ಜೀವದಯೆಯ ಹೆಸರಿನಲ್ಲಿಯೇ ಅವನು ಹೆಚ್ಚು ಬೆಳಕನ್ನು ಬೇಡುತ್ತಿದ್ದಾನೆ ಎನ್ನಬಹುದು. ಮುನಿಗಳಿಗೆ ವಿಧಿಸಿದ ಈರ್ಯಾಸಮಿತಿಯಾದರೂ ಕಂಡ ನೆಲದಲ್ಲಿ ಮಾತ್ರ ಕಾಲಿಡಬೇಕೆಂಬುದಲ್ಲವೆ? ಈ ವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಈರ್ಯಾಸಮಿತಿಯಲ್ಲಿ ಕಾಣದಿದ್ದರೆ ನಡೆಯಬಾರದೆಂಬ ಕಟ್ಟಿದೆ. ಕಾಣುವುದಕ್ಕಾಗಿ ಇನ್ನೊಬ್ಬನ ದೃಷ್ಟಿಯನ್ನು ಕಿತ್ತುಕೊಳ್ಳುವ ಅನುಮತಿ ಇಲ್ಲ. ದಾರಿ ಕಾಣುವಷ್ಟೇ ವೇಗ ಎಂಬುದು ಚಾಲಕನ ಕೈಯಲ್ಲಿಯೇ ಇರುವ ಸಾಧನ. ಬಾಡಿಗೆಯ ಗಡುವು ಅದಕ್ಕೆ ಬಿಡುವುದಿಲ್ಲವೆಂದರೆ, ದೋಷದ ಪಾಲು ಗಡುವು ಹಾಕಿದ ಮಾಲೀಕನಿಗೂ ಸಲ್ಲಬೇಕು. ಮೇಲಾಗಿ ಮಂಕು ಬೆಳಕಿಗೆ ಕಾರಣ ಅನೇಕ ವೇಳೆ ಬಲ್ಬೇ ಅಲ್ಲ: ಹಳದಿಗಟ್ಟಿದ ಗಾಜು, ತುಕ್ಕು ಹಿಡಿದ ರಿಫ್ಲೆಕ್ಟರು, ಸವೆದ ವೈರಿನಲ್ಲಿ ಸೋರಿಹೋಗುವ ವೋಲ್ಟೇಜು, ಸಿಮೆಂಟಿನ ಧೂಳು. ಗಾಜನ್ನು ಒರೆಸಿ, ಒಳ್ಳೆಯ ವೈರಿನೊಡನೆ ರಿಲೇ ಹಾಕಿಸಿ, ದೀಪದ ಮುಖವನ್ನು ಸರಿಯಾಗಿ ಕೂಡಿಸಿದರೆ ಅದೇ 70 ವಾಟು ಬಹುದೂರ ನಡೆಯುತ್ತದೆ. ಈ ಕೆಲಸಕ್ಕೆ ಸ್ವಲ್ಪ ಹೊತ್ತು ಬೇಕು. ಬಲ್ಬಿಗೆ ದುಡ್ಡು ಸಾಕು. ಪ್ರಮಾದವು ಆರಿಸಿಕೊಳ್ಳುವುದು ಎರಡನೆಯದನ್ನು.

ಪ್ರಮಾದವೆಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಿದೆ. ಹೆಡ್‌ಲೈಟಿನ ಹಿಂಸೆಗೆ ಒಂದು ವಿಚಿತ್ರ ಲಕ್ಷಣವಿದೆ: ಮಾಡಿದವನಿಗೆ ಅದು ಎಂದೂ ಕಾಣುವುದಿಲ್ಲ. ಕಣ್ಣು ಕುಕ್ಕಿಸಿಕೊಂಡ ಬೈಕಿನವನು ಎರಡು ಸೆಕೆಂಡಿನಲ್ಲಿ ಹಿಂದೆ ಸರಿದುಹೋಗುತ್ತಾನೆ. ಅವನು ಸುಖವಾಗಿ ಮನೆ ಸೇರಿದನೋ, ಸೇತುವೆಯ ಕಟ್ಟೆಗೆ ಬಡಿದನೋ, ಅಂಚಿನಲ್ಲಿ ನಡೆಯುತ್ತಿದ್ದವನ ಮೇಲೆ ಹರಿದನೋ, ಅದೆಲ್ಲ ಲಾರಿಯ ಬೆನ್ನ ಹಿಂದಿನ ಕತ್ತಲಲ್ಲಿ ನಡೆಯುವ ಸಂಗತಿ. ಮೊಕದ್ದಮೆಯಲ್ಲಿಯೂ ಎದುರಿನ ದೀಪದ ಹೆಸರು ಬರುವುದು ಅಪರೂಪ. ಬಿದ್ದವನೇ ಅಜಾಗರೂಕನೆಂದು ಬರೆಯಲಾಗುತ್ತದೆ. ಫಲವನ್ನು ನೋಡಿ ಮಾತ್ರ ತಪ್ಪನ್ನು ನಿರ್ಣಯಿಸುವ ನೀತಿಗೆ ಇಲ್ಲಿ ಹಿಡಿಯಲು ಏನೂ ಸಿಗದು. ಇಪ್ಪತ್ತು ವರ್ಷ ಆ ಬಲ್ಬು ಉರಿಸಿದವನು, ತನ್ನಿಂದ ಒಂದು ಅಪಘಾತವೂ ಆಗಲಿಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳಬಲ್ಲ.

ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಈ ಗಂಟನ್ನು ಬೇರೆ ತುದಿಯಿಂದ ಬಿಡಿಸುತ್ತಾರೆ. ಅವರ ವಿಚಾರದಂತೆ, ಎದುರಿನ ಜೀವ ಉಳಿದರೂ ಅಳಿದರೂ ಯತ್ನಾಚಾರವಿಲ್ಲದವನಿಗೆ ಹಿಂಸೆ ನಿಶ್ಚಿತ. ಎಚ್ಚರದಿಂದ ನಡೆದವನಿಗೆ ಕೇವಲ ಪ್ರಾಣಹಾನಿಯಿಂದ ಬಂಧವಿಲ್ಲ. ಸುಮ್ಮನೆ ಓದಿದಾಗ ಇದು ಅತಿಯೆನಿಸುತ್ತದೆ. ಯಾರೂ ಸಾಯದಿದ್ದರೆ ಹಿಂಸೆ ಎಲ್ಲಿಂದ ಬಂತು ಎಂಬ ಆಕ್ಷೇಪ ಹುಟ್ಟುತ್ತದೆ. ಇರುಳ ರಸ್ತೆಯಲ್ಲಿ ಮಾತ್ರ ಇದಕ್ಕಿಂತ ವ್ಯಾವಹಾರಿಕವಾದ ಸೂತ್ರ ಬೇರೆ ಇಲ್ಲ. ಪರಿಣಾಮ ಎಂದೂ ಗೊತ್ತಾಗದಿರುವಲ್ಲಿ ಎಚ್ಚರವೊಂದನ್ನೇ ಅಳೆಯಬಹುದು. 106ನೆಯ ನಿಯಮವೂ ಅಪಘಾತವಾಯಿತೆ ಎಂದು ಕೇಳುವುದಿಲ್ಲ.

ಮಾರುವವನ ಮಾತೂ ಉಳಿದಿದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಸ್ವಾಮಿಗಳು ಅನರ್ಥದಂಡದ ಪ್ರಭೇದಗಳಲ್ಲಿ ಹಿಂಸಾದಾನವನ್ನು, ಎಂದರೆ ಹಿಂಸೆಗೆ ಸಾಧನವಾಗುವ ವಸ್ತುವನ್ನು ಇನ್ನೊಬ್ಬರಿಗೆ ಒದಗಿಸುವುದನ್ನು ಹೇಳಿದ್ದಾರೆ. ಕತ್ತಿ ಕೊಡಲಿಗಳ ವ್ಯಾಪಾರವನ್ನು ಬಿಟ್ಟ ಮನೆತನದವರು, ರಸ್ತೆಯಲ್ಲಿ ಬಳಸಲು ತಕ್ಕುದಲ್ಲವೆಂದು ಪೊಟ್ಟಣದ ಮೇಲೆಯೇ ಅಚ್ಚಾಗಿರುವ ಬಲ್ಬನ್ನು ಬಿಡಿಭಾಗಗಳ ಅಂಗಡಿಯಲ್ಲಿ ಕುಳಿತು ಸಂಕೋಚವಿಲ್ಲದೆ ಮಾರಬಹುದೆ? ಗಿರಾಕಿ ಕೇಳಿದ್ದನ್ನು ಕೊಟ್ಟೆನೆಂಬ ಉತ್ತರ ದುರ್ಬಲವಾದದ್ದು. ಕತ್ತಿಯನ್ನೂ ಗಿರಾಕಿಯೇ ಕೇಳುತ್ತಿದ್ದನು.

ಚಾಲಕನು ತನ್ನ ದೀಪವನ್ನು ತಾನು ನೋಡಬೇಕಾದರೆ ಇರುವ ಉಪಾಯ ಒಂದೇ. ಕತ್ತಲಾದ ಮೇಲೆ ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಡಿಮ್ ಹಾಕಲು ಕ್ಲೀನರನಿಗೆ ಹೇಳಿ, ಹತ್ತು ಹೆಜ್ಜೆ ಮುಂದೆ ನಡೆದು, ಸ್ವಲ್ಪ ಬಲಕ್ಕೆ ಸರಿದು ತಿರುಗಿ ನಿಲ್ಲಬೇಕು. ಎಂಟು ಮೀಟರ್ ಎಂದರೆ ಹೆಚ್ಚು ಕಡಿಮೆ ಅಷ್ಟೇ. ಬೈಕಿನ ಮೇಲೆ ಕುಳಿತವನಷ್ಟು ಎತ್ತರಕ್ಕೆ ಬಾಗಿ, ತನ್ನದೇ ಲಾರಿಯನ್ನು ನೇರವಾಗಿ ನೋಡಬೇಕು.